ಮನೆಮಂದಿ ಗುಂಪು: ಹಿತ್ತಲ ಕೋರ್ಟಿನ ಪಟ್ಟಿ

ಅಣ್ಣ: ಟರ್ಫ್ (ಪ್ಲಾಸ್ಟಿಕ್ ಹುಲ್ಲು) ಕೋರ್ಟಿಗೆ ಬಂದಿರೋ ಅಂದಾಜು ಪಟ್ಟಿ ಹಾಕಿದ್ದೀನಿ, ಎಲ್ಲರೂ ನೋಡಿ. ಅಳತೆ 16 × 8 ಮೀ. ನೆಲ ಸಮ ಮಾಡಿ 50 ಮಿ.ಮೀ. ಮರಳು, ಮೇಲೆ 40 ಮಿ.ಮೀ. ಟರ್ಫ್, ಅದರೊಳಗೆ ರಬ್ಬರ್ ಕಾಳು. ಎರಡು ದಿನದ ಕೆಲಸ ಅಂತೆ. ಬ್ಯಾಡ್ಮಿಂಟನ್ನೂ ಆಗಬೇಕು, ಟೆನಿಸ್ ಬಾಲ್ ಕ್ರಿಕೆಟ್ಟೂ ಆಗಬೇಕು.

ದೊಡ್ಡಪ್ಪ: ಓದಿದೆ. ಈ ಪಟ್ಟಿಗೆ ಹೂಂ ಅನ್ನಬೇಡಪ್ಪ. ಇದರಲ್ಲಿ ಹುಲ್ಲಿದೆ, ನೆಲವೇ ಇಲ್ಲ. ಬರೀ ಮರಳಿನ ಮೇಲೆ ಹಾಸಿದರೆ ಜೋರು ಮಳೆಗೆ ಮರಳು ಜರುಗುತ್ತೆ, ಬೌಲರ್ ಕಾಲೂರುವ ಜಾಗದಲ್ಲಿ ಗುಳಿ ಬೀಳುತ್ತೆ. ಆಮೇಲೆ ಅಂಟಿಸಿದ ಟರ್ಫ್ ಎತ್ತದೆ ಅದನ್ನ ಸರಿಮಾಡೋಕಾಗಲ್ಲ.

ಅಣ್ಣ: ಅದಕ್ಕೇ ದೊಡ್ಡಪ್ಪ, ನನಗೆ ಕಾಂಕ್ರೀಟೇ ಸರಿ ಅನ್ನಿಸ್ತಿದೆ. 100 ಮಿ.ಮೀ. ಹಾಕಿಬಿಟ್ಟರೆ ಕುಸಿಯೋ ಮಾತೇ ಇಲ್ಲ.

ಅಕ್ಕ: ಕುಸಿಯಲ್ಲ, ಆದರೆ ನೀರೂ ಇಂಗಲ್ಲ ಕಣೋ. ಟರ್ಫಿನ ಬೆನ್ನಿಗೆ ತೂತು ಹೊಡೆದಿರೋದು ನೀರು ಕೆಳಗಿಳೀಲಿ ಅಂತ. ಕೆಳಗೆ ಕಾಂಕ್ರೀಟ್ ಇದ್ದರೆ ಆ ನೀರು ಎರಡರ ಮಧ್ಯೆ ತೆವಳಿಕೊಂಡು ತಗ್ಗಿನ ಅಂಚಿಗೆ ಬರಬೇಕು. ವಾಟ (ಇಳಿಜಾರು) ಸ್ವಲ್ಪ ತಪ್ಪಿದರೂ ಅಲ್ಲೇ ನಿಂತು ಪಾಚಿ, ನಾತ. ಗಟ್ಟಿ ನೆಲ ಅಂದಮೇಲೆ ಮೊಣಕಾಲಿಗೋಸ್ಕರ ಟರ್ಫಿನಡಿ 8–10 ಮಿ.ಮೀ. ಶಾಕ್‌ಪ್ಯಾಡ್ (ಮೆತ್ತನೆ ಹಾಸು) ಬೇಕೇ ಬೇಕು, ಅದೂ ಪಟ್ಟಿಯಲ್ಲಿಲ್ಲ. ಹಳೇ ಕಾಂಕ್ರೀಟ್ ನೆಲ ಇದ್ದವರು ಅದರ ಮೇಲೆ ಹಾಸಲಿ, ತಪ್ಪಿಲ್ಲ. ಹೊಸದಾಗಿ ಟರ್ಫಿಗಂತಲೇ ಸುರಿಸೋದು ಬೇಡ, ಜಲ್ಲಿ ಹಾಕಿಸು.

ಅಣ್ಣ: ಜಲ್ಲಿ ಕುಸಿಯಲ್ಲ ಅಂತ ಏನು ಖಾತ್ರಿ?

ದೊಡ್ಡಪ್ಪ: ದಿಮ್ಮಿಸೋದರಲ್ಲಿದೆ ಖಾತ್ರಿ. ಕೇಳು. ಮೇಲ್ಮಣ್ಣು, ಬೇರು ಎಲ್ಲ ಸೇರಿ 150 ಮಿ.ಮೀ. ತೆಗೆಸು. ವಾಟ ಶುರುವಾಗೋದು ಆ ಮಣ್ಣಿನಲ್ಲೇ: ಮೀಟರಿಗೆ 1 ಸೆಂ.ಮೀ., ಅಗಲದ ದಿಕ್ಕಿಗೆ ಕೊಟ್ಟರೆ 8 ಮೀಟರಿಗೆ 8 ಸೆಂ.ಮೀ. ಇಳಿತ, ಮನೆಗೋಡೆ ಕಡೆಯಿಂದ ಆಚೆಗೆ. ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋದು), ಅಂಚುಗಳು ಒಂದರ ಮೇಲೊಂದು 300 ಮಿ.ಮೀ. ಬರೋ ಹಾಗೆ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಕೆಸರು ಮೇಲೇರಿ ಜಲ್ಲಿ ಕೆಳಗಿಳಿಯುತ್ತೆ.

ಆಮೇಲೆ ಜಲ್ಲಿ. ಒಂದೇ ಸೈಜಿನದ್ದು ಬೇಡ, ಅದು ಗೋಲಿ ಹಾಗೆ ಉರುಳುತ್ತೆ. 20 ಮಿ.ಮೀ.ನಿಂದ ಪುಡಿವರೆಗೂ ಬೆರೆತದ್ದು ಬೇಕು, ಆಗಲೇ ಒಂದಕ್ಕೊಂದು ಕಚ್ಚಿಕೊಳ್ಳೋದು. ದಿಮ್ಮಿಸಿದ ಮೇಲೆ 125 ಮಿ.ಮೀ. ಉಳಿಯಬೇಕು. ಒಟ್ಟಿಗೆ ಸುರಿದು ಮೇಲೆ ಮಾತ್ರ ದಿಮ್ಮಿಸಿದರೆ ಅಡಿಯದು ಸಡಿಲವೇ ಉಳಿಯುತ್ತೆ. ಎರಡು ಪದರ ಮಾಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರನ್ನ (ದಿಮ್ಮಿಸೋ ಯಂತ್ರ) ಉದ್ದಕ್ಕೂ ಅಡ್ಡಕ್ಕೂ ಮೂರ್ನಾಲ್ಕು ಸಲ ಓಡಿಸಬೇಕು. ಕೊನೆಗೆ 25 ಮಿ.ಮೀ. ಕಲ್ಲುಪುಡಿ. ಲೆಕ್ಕ: 16 ಘನ ಮೀಟರ್ ಗಟ್ಟಿ ಜಲ್ಲಿಗೆ ಸಡಿಲ ಜಲ್ಲಿ 20–21 ತರಿಸಬೇಕು, ಪುಡಿ 4. ಎರಡು ದಿನದಲ್ಲಿ ಇದು ಮುಗಿಯೋ ಮಾತಲ್ಲ.

ಅಣ್ಣ: ಸರಿ, ಜಲ್ಲಿಗೆ ಒಪ್ಪಿದೆ. 40 ಮಿ.ಮೀ. ಮಾತ್ರ ಬಿಡಲ್ಲ. ಮಕ್ಕಳು ಬಿದ್ದರೆ ಮೆತ್ತಗಿರಲಿ.

ನಾನು: ಅಣ್ಣ, 40 ಮಿ.ಮೀ. ಅನ್ನೋದು ಫುಟ್‌ಬಾಲ್ ಟರ್ಫಿನ ಹುಲ್ಲೆಳೆಯ ಉದ್ದ. ಅದರಲ್ಲಿ ಟೆನಿಸ್ ಬಾಲ್ ಪುಟಿಯೋ ಬದಲು ಹೂತುಹೋಗುತ್ತೆ, ಬ್ಯಾಡ್ಮಿಂಟನ್ನಲ್ಲಿ ಗಕ್ಕನೆ ತಿರುಗುವಾಗ ಷೂ ಸಿಕ್ಕಿಕೊಂಡು ಕಾಲು ಉಳುಕುತ್ತೆ. 15 ಮಿ.ಮೀ. ಒತ್ತಾದ ಎಳೆ, ತುದಿಯಿಂದ 2–3 ಮಿ.ಮೀ. ಬಿಟ್ಟು ಪೂರ್ತಿ ಮರಳು. ಎಳೆ ನೆಟ್ಟಗೆ ನಿಲ್ಲೋದು ಮರಳಿನಿಂದ, ಟರ್ಫ್ ಜರುಗದೆ ಇರೋದೂ ಅದರ ತೂಕದಿಂದಲೇ.

ಅಣ್ಣ: ಹಾಕಿ ಮೈದಾನದಲ್ಲಿ ಮರಳೇ ಇರಲ್ಲವಲ್ಲ?

ಅಕ್ಕ: ಅಂತಾರಾಷ್ಟ್ರೀಯ ಪಂದ್ಯದ ಹಾಕಿ ಟರ್ಫಿಗೆ ಆಟಕ್ಕೆ ಮುಂಚೆ ನೀರು ಹೊಡೆದು ನೆನೆಸ್ತಾರೆ, ಅಡಿಯಲ್ಲಿ ಪ್ಯಾಡ್ ಇರುತ್ತೆ. ದಿನಾ ಅಷ್ಟು ನೀರು ಸುರಿಯೋಕೆ ನೀನು ತಯಾರಾ? ಮೆತ್ತಗೇ ಬೇಕು ಅಂದರೆ ಪ್ಯಾಡಿಗೆ ದುಡ್ಡು ಹಾಕು, ಎಳೆ ಉದ್ದ ಮಾಡಬೇಡ.

ಚಿಕ್ಕಮ್ಮ: ರಬ್ಬರ್ ಕಾಳು ಖಂಡಿತ ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲೇ 60 ಡಿಗ್ರಿ ದಾಟುತ್ತೆ, ಕಪ್ಪು ರಬ್ಬರ್ ಸೇರಿದರೆ ಮಕ್ಕಳು ಬರಿಗಾಲಲ್ಲಿ ಹೇಗೆ ನಿಲ್ಲಬೇಕು? ಕಾಳು ಷೂಗೆ ಅಂಟಿಕೊಂಡು ಮನೆಯೊಳಗೆ, ಚರಂಡಿಗೆ ಹೋಗುತ್ತೆ. ಯುರೋಪಿಯನ್ ಒಕ್ಕೂಟ ಇದೇ ಕಾರಣಕ್ಕೆ 2023ರಲ್ಲಿ ನಿಯಮ ತಂದಿದೆ, 2031ರ ಅಕ್ಟೋಬರ್‌ನಿಂದ ಅಲ್ಲಿ ಇಂಥ ಪ್ಲಾಸ್ಟಿಕ್, ರಬ್ಬರ್ ಕಾಳು ಮಾರೋ ಹಾಗಿಲ್ಲ. ಇನ್ನೊಂದು, ಹಿತ್ತಲ ಕಡೆ ಕಿಟಕಿಗೆ ಶಾಖ ತಡೆಯೋ ಗಾಜಿದ್ದರೆ ನೋಡಿಕೊಳ್ಳಿ. ಅದರಿಂದ ಪ್ರತಿಫಲಿಸೋ ಬಿಸಿಲು ಒಂದೇ ಕಡೆ ಬಿದ್ದರೆ ಎಳೆ ಕರಗಿ ಮುದುಡುತ್ತೆ.

ಅಣ್ಣ: ಗಾಜಿನ ವಿಷಯ ಯೋಚಿಸಿರಲಿಲ್ಲ ಚಿಕ್ಕಮ್ಮ, ನೋಡ್ತೀನಿ. ಮರಳು ಎಷ್ಟು ಬೇಕು?

ನಾನು: ಚದರ ಮೀಟರಿಗೆ ಸುಮಾರು 18 ಕೆ.ಜಿ. 128 × 18 = 2,304. 25 ಕೆ.ಜಿ.ಯ 95 ಚೀಲ ತರಿಸು. ಗಾರೆಗೆ ಹಾಕೋ ಮರಳಲ್ಲ. ತೊಳೆದು ಒಣಗಿಸಿದ, ದುಂಡು ಕಾಳಿನ ಸಿಲಿಕಾ, 0.4–0.8 ಮಿ.ಮೀ. ಮಣ್ಣಿನಂಶ ಇದ್ದರೆ ಬೆನ್ನಿನ ತೂತು ಮುಚ್ಚಿಹೋಗುತ್ತೆ. ಒಂದೇ ಸಲ ಸುರಿಯಬಾರದು, ಎಳೆ ಮಲಗಿಬಿಟ್ಟರೆ ಅದರ ಮೇಲೆಯೇ ಮರಳು ಕೂರುತ್ತೆ. ನಾಲ್ಕು ಸಲ ತೆಳ್ಳಗೆ ಉದುರಿಸಿ, ಪ್ರತಿ ಸಲ ಎಳೆಗೆ ಎದುರಾಗಿ ಗಟ್ಟಿ ಬ್ರಷ್ ಎಳೀಬೇಕು. ಟರ್ಫೂ ಮರಳೂ ಎರಡೂ ಒಣಗಿರಬೇಕು.

ಅಕ್ಕ: ಜೋಡಣೆ ಬಗ್ಗೆ ಪಟ್ಟಿಯಲ್ಲಿ ಒಂದು ಅಕ್ಷರ ಇಲ್ಲ. 4 ಮೀ. ಅಗಲದ ಎರಡು ರೋಲ್ ಅಂದರೆ ಉದ್ದಕ್ಕೂ 16 ಮೀಟರ್ ಜೋಡು. ಎರಡರ ಎಳೆಯೂ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲದಿದ್ದರೆ ಅರ್ಧ ಕೋರ್ಟ್ ಬೇರೇ ಬಣ್ಣದ ಹಾಗೆ ಕಾಣುತ್ತೆ. ಬಿಚ್ಚಿ ಹಾಸಿ ಒಂದು ರಾತ್ರಿ ಬಿಡಲಿ. ಅಂಚಿನಿಂದ ಎರಡು ಮೂರು ಹೊಲಿಗೆಸಾಲು (ಎಳೆ ಹೊಲಿದಿರೋ ಸಾಲು) ಕತ್ತರಿಸಿ ತೆಗೆದು, ಹೊಲಿಗೆಸಾಲುಗಳ ನಡುವೆ ಇರೋ ಅಂತರವೇ ಜೋಡಿನಲ್ಲೂ ಬರೋ ಹಾಗೆ ಕೂರಿಸಬೇಕು. ಕೆಳಗೆ 300 ಮಿ.ಮೀ. ಟೇಪು, ಅದರ ಮೇಲೆ ಎರಡು ಭಾಗ ಬೆರೆಸೋ ಪಾಲಿಯುರೆಥೇನ್ ಅಂಟು. ಮುಚ್ಚುವಾಗ ಒಬ್ಬರು ಬಗ್ಗಿ ಬೆರಳಲ್ಲಿ ಎಳೆಗಳನ್ನ ಬಿಡಿಸ್ತಾ ಹೋಗಬೇಕು. ಒಂದು ಎಳೆ ಅಂಟಿನೊಳಗೆ ಮಡಚಿಕೊಂಡರೂ ಅಲ್ಲಿ ಬೋಳು ಗೆರೆ ಉಳಿಯುತ್ತೆ. ಇಬ್ಬನಿ ಬಿದ್ದ ನೆಲದ ಮೇಲೆ ಅಂಟು ಹಾಕಿದರೆ ಹಿಡಿಯಲ್ಲ.

ದೊಡ್ಡಪ್ಪ: ಅಂಚು ಕತ್ತರಿಸಿದ ಮೇಲೆ ಎರಡು ರೋಲ್ ಸೇರಿದರೂ 8 ಮೀ. ಬರಲ್ಲ. ಕೋರ್ಟಿನ ಸುತ್ತ ಕೂರಿಸೋ ಅಂಚುಕಲ್ಲಿನ ಒಳ ಅಗಲ 7.9 ಮೀ. ಇಟ್ಟುಕೋ. 8 ಇಟ್ಟು ಕಲ್ಲು ಕೂರಿಸಿದರೆ ಆಮೇಲೆ ಬೆರಳಗಲದ ತುಂಡು ಸೇರಿಸಬೇಕು, ಮೊದಲು ಕಿತ್ತುಬರೋದೇ ಆ ತುಂಡು.

ಅಣ್ಣ: ಬಿಳಿ ಗೆರೆ ಬಣ್ಣದಲ್ಲಿ ಬರೆಸಿದರೆ ಸಾಕಲ್ಲ?

ನಾನು: ಅಳಿಸಿಹೋಗುತ್ತೆ. 40 ಮಿ.ಮೀ. ಬಿಳಿ ಟರ್ಫ್ ಪಟ್ಟಿ ಕತ್ತರಿಸಿ ಕೂರಿಸೋದೇ ಸರಿ, ಮರಳು ಹಾಕೋ ಮುಂಚೆ.

ದೊಡ್ಡಪ್ಪ: ಜಲ್ಲಿ ಬರೋ ಮುಂಚೆ ನೆಟ್ ಕಂಬದ ಗುಂಡಿ. 6.1 ಮೀ. ಅಂತರದಲ್ಲಿ ಎರಡು, ಕಾಂಕ್ರೀಟಿನೊಳಗೆ ಮುಚ್ಚಳ ಇರೋ ಪೈಪು. ದೀಪದ ವೈರಿಗೂ ಆಗಲೇ ಪೈಪು ಹಾಕಿಸು. ಟರ್ಫಿಗೆ ಈಗಲೇ ಮುಂಗಡ ಕೊಡಬೇಡ. ಕಲ್ಲುಪುಡಿ ದಿಮ್ಮಿಸಿದ ಮೇಲೆ 3 ಮೀಟರಿನ ಅಲ್ಯೂಮಿನಿಯಂ ಪಟ್ಟಿ ಇಟ್ಟು ಎಲ್ಲಾ ದಿಕ್ಕಿಗೂ ಎಳೆದು ನೋಡು, ಅಡಿಯಲ್ಲಿ 6 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಆಮೇಲೆ ಪೈಪಲ್ಲಿ ನೀರು ಬಿಡು. ಎಲ್ಲಿ ನಿಲ್ಲುತ್ತೋ ಸುತ್ತ ಸುಣ್ಣದಲ್ಲಿ ಗೆರೆ ಎಳೆದು ಫೋಟೋ ಇಲ್ಲಿ ಹಾಕು.

ಅಣ್ಣ: ಆಯ್ತು ದೊಡ್ಡಪ್ಪ. 15 ಮಿ.ಮೀ., ಮರಳು, ಜಲ್ಲಿ ಅಂತ ಹೊಸ ಪಟ್ಟಿ ಕೇಳ್ತೀನಿ. ಪ್ಯಾಡ್ ಬೇಕು ಅನ್ನೋದನ್ನ ಮಾತ್ರ ನಾನಿನ್ನೂ ಬಿಟ್ಟಿಲ್ಲ.

ಅಕ್ಕ: ಹಾಕಿಸು. ಪ್ಯಾಡಿನ ದಪ್ಪ ಸೇರಿಸಿ ಅಂಚುಕಲ್ಲಿನ ಎತ್ತರ ಈಗಲೇ ಹೇಳಿಬಿಡು.