ಮಗನ ಎದೆಯಲ್ಲಿ ಐಸಿಡಿ: ಆನೆ ಬೇಲಿ, ಹಾಕಿ, ಮಳೆಗಾಲ... ಅನುಭವ ಇದ್ದವರು ಹೇಳಿ

ಪೊನ್ನಂಪೇಟೆ ಕಡೆಯವಳು:
ಮಗನಿಗೆ 13 ವರ್ಷ. ಏಪ್ರಿಲ್‌ನಲ್ಲಿ ತೋಟದ ಕೆರೆಯಲ್ಲಿ ಈಜುತ್ತಿದ್ದವನು ಇದ್ದಕ್ಕಿದ್ದ ಹಾಗೆ ಮುಳುಗಿದ. ಅವನ ಮಾವ ದಡಕ್ಕೆಳೆದು ಎದೆ ಒತ್ತಿ ಒತ್ತಿ ಉಳಿಸಿದರು. ಆಸ್ಪತ್ರೆಯಲ್ಲಿ ಲಾಂಗ್ ಕ್ಯೂಟಿ (ಹೃದಯದೊಳಗಿನ ಕರೆಂಟಿನ ತೊಂದರೆಯಿಂದ ಬಡಿತ ಒಮ್ಮೆಲೇ ಹದ ತಪ್ಪುವ ಕಾಯಿಲೆ) ಅಂತ ಹೇಳಿ, ಎಡಗಡೆ ಕತ್ತಿನ ಎಲುಬಿನ ಕೆಳಗೆ ಐಸಿಡಿ ಇಟ್ಟಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಹೃದಯದ ಬಡಿತ ತೀರಾ ಹದ ತಪ್ಪಿದರೆ ಅದೇ ಶಾಕ್ ಕೊಟ್ಟು ಸರಿ ಮಾಡುತ್ತದಂತೆ. ಬಡಿತ ಜೋರಾಗದ ಹಾಗೆ ತಡೆಯುವ ಬೀಟಾ ಬ್ಲಾಕರ್ ಮಾತ್ರೆಯೂ ದಿನಾ ಇದೆ.

ನಮ್ಮ ತೋಟದ ಸುತ್ತ ಆನೆಗೆ ಹಾಕಿದ ಸೋಲಾರ್ ಬೇಲಿ ಇದೆ. ಅದರ ಪಕ್ಕ ಇವನು ಓಡಾಡಬಹುದಾ? ನಾನು ಇವನನ್ನು ಮುಟ್ಟಿಕೊಂಡಿರುವಾಗ ಐಸಿಡಿ ಶಾಕ್ ಕೊಟ್ಟರೆ ನನಗೂ ಹೊಡೆಯುತ್ತಾ? ಹಾಕಿ ಸ್ಟಿಕ್ ಮೊಳೆಗೆ ನೇತುಹಾಕಿದ್ದಾನೆ. ಒಕ್ಕದ (ನಮ್ಮ ಮನೆತನದ) ತಂಡದಲ್ಲಿ ಆಡಬೇಕು ಅಂತ ಮೂರನೇ ಕ್ಲಾಸಿನಿಂದ ಹೇಳುತ್ತಿದ್ದ. ಈಗ ಅದರ ಮಾತೇ ಎತ್ತುವುದಿಲ್ಲ.

ಮಡಿಕೇರಿ ಅಕ್ಕ:
ತಂಗಿ, ನನ್ನ ಮಗಳಿಗೆ 2016ರಲ್ಲಿ, 11ನೇ ವಯಸ್ಸಿಗೆ ಇಟ್ಟರು. ಅವಳದ್ದೂ ಲಾಂಗ್ ಕ್ಯೂಟಿಯೇ. ಈಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ.

ಬೇಲಿ ಪಕ್ಕ ನಡೆದು ಹೋಗಲಿ, ಮುಟ್ಟುವುದು ಬೇಡ. ತಂತಿಯಲ್ಲಿ ಬಿಟ್ಟು ಬಿಟ್ಟು ಹರಿಯುವ ಕರೆಂಟನ್ನು ಪೆಟ್ಟಿಗೆ ಹೃದಯದ ಬಡಿತ ಅಂದುಕೊಂಡು ಸುಮ್ನೆ ಶಾಕ್ ಕೊಡಬಹುದು. ಮೊಬೈಲನ್ನು ಅಂಗಿಯ ಎಡ ಜೇಬಿನಲ್ಲಿ ಇಡುವುದು ಬೇಡ, ಬಲ ಕಿವಿಗೆ ಹಿಡಿದು ಮಾತಾಡಲಿ.

ಶಾಕ್ ಬಂದಾಗ ನೀವು ಮುಟ್ಟಿಕೊಂಡಿದ್ದರೆ ಸಣ್ಣಗೆ ಜುಮ್ ಅನ್ನಬಹುದು, ಅಷ್ಟೇ. ನನಗೆ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ.

2018ರ ಆಗಸ್ಟ್ ನಿಮಗೂ ನೆನಪಿರಬೇಕು. ಗುಡ್ಡ ಕುಸಿದು ರಸ್ತೆಗಳೆಲ್ಲ ಬಂದ್. ಮಾತ್ರೆ ಖಾಲಿಯಾಗಿ ಮೂರು ದಿನ ಆಗಿತ್ತು. ಈ ಮಾತ್ರೆ ಹಾಗೆ ಒಮ್ಮೆಲೇ ನಿಲ್ಲಬಾರದು ಅಂತ ಗೊತ್ತಿದ್ದೂ ತರಿಸಲು ದಾರಿ ಇರಲಿಲ್ಲ. ನಾಲ್ಕನೇ ದಿನ ಮನೆ ಬಿಟ್ಟು ಮೇಲಿನ ರಸ್ತೆಗೆ ಏರು ಹತ್ತುತ್ತಿದ್ದೆವು. ಅವಳ ಕೈ ನನ್ನ ಕೈಯಲ್ಲಿತ್ತು. ಒಮ್ಮೆಲೇ ಅವಳ ಮೈ ಎಗರಿತು, ಕೊಡೆ ಕೆಳಗೆ ಬಿತ್ತು. "ಅಮ್ಮಾ, ಒಳಗಿಂದ ಯಾರೋ ಒದ್ದರು" ಅಂದಳು. ಕೆಸರಲ್ಲೇ ಕೂತೆವು. ಪ್ರಜ್ಞೆ ತಪ್ಪಿರಲಿಲ್ಲ.

ಆಮೇಲೆ ಆಸ್ಪತ್ರೆಯಲ್ಲಿ ಅಂಗಿಯ ಮೇಲಿಂದಲೇ ಒಂದು ಸಾಧನ ಇಟ್ಟು ಪೆಟ್ಟಿಗೆಯ ದಾಖಲೆ ಓದಿದರು. ಕೆಟ್ಟ ಬಡಿತ ಅಲ್ಲವಂತೆ. ಮಾತ್ರೆ ಇಲ್ಲದೆ ಏರು ಹತ್ತಿದ್ದಕ್ಕೆ ಬಡಿತ ಜೋರಾಗಿ, ಶಾಕ್ ಕೊಡಲು ಪೆಟ್ಟಿಗೆಯಲ್ಲಿ ಇಟ್ಟಿದ್ದ ಗಡಿ ದಾಟಿತ್ತು, ಪೆಟ್ಟಿಗೆ ತಪ್ಪು ತಿಳಿಯಿತು. ಆ ಗಡಿಯನ್ನು ಇನ್ನಷ್ಟು ಮೇಲೆ ಇಟ್ಟು ಕಳಿಸಿದರು. ಮಕ್ಕಳಲ್ಲಿ ಇಂಥ ಬೇಡದ ಶಾಕ್ ದೊಡ್ಡವರಿಗಿಂತ ಜಾಸ್ತಿ. ಓಡುತ್ತಾರೆ, ಕುಣಿಯುತ್ತಾರೆ, ಅಲ್ವಾ?

ಅಂದಿನಿಂದ ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ತಂದಿಡುತ್ತೇನೆ. ನೀವೂ ಇದೊಂದನ್ನು ಮರೆಯಬೇಡಿ. ಪೆಟ್ಟಿಗೆ ಇದೆಯಲ್ಲ ಅಂತ ಮಾತ್ರೆ ಬಿಡುವ ಹಾಗಿಲ್ಲ. ಕೆಟ್ಟ ಬಡಿತ ಬಾರದ ಹಾಗೆ ನೋಡಿಕೊಳ್ಳುವುದು ಮಾತ್ರೆ. ಅದನ್ನೂ ಮೀರಿ ಬಂದರೆ ಪೆಟ್ಟಿಗೆ.

ಅವಳ ಹೆದರಿಕೆ ಹೋಗಲು ತಿಂಗಳುಗಳೇ ಬೇಕಾದವು. ಮೆಟ್ಟಿಲು ಕಂಡರೂ ನಿಲ್ಲುತ್ತಿದ್ದಳು. ದಿನಾ ಸಂಜೆ ಅದೇ ಏರಿನಲ್ಲಿ ಇಬ್ಬರೂ ನಡೆದೆವು. ಮೊದಲ ದಿನ ಹಲಸಿನ ಮರದ ತನಕ, ಮಾರನೇ ವಾರ ತಿರುವಿನ ತನಕ. "ಏನೂ ಆಗಲ್ಲ" ಅಂತ ನಾನು ಒಮ್ಮೆಯೂ ಹೇಳಲಿಲ್ಲ, ಸುಳ್ಳಾಗುತ್ತಿತ್ತು. "ಬಂದರೆ ನಾನಿದ್ದೇನೆ, ಮುಂದೆ ಏನು ಮಾಡಬೇಕು ಅಂತ ನನಗೆ ಗೊತ್ತು" ಅಂದೆ. ನಿಮ್ಮ ಮಗ ಹಾಕಿ ಮಾತು ಎತ್ತದಿದ್ದರೆ ನೀವೇ ಎತ್ತಿ. ಸುಮ್ಮನಿದ್ದಾನೆ ಅಂದರೆ ಮರೆತಿದ್ದಾನೆ ಅಂತಲ್ಲ.

ಇಸಿಜಿ ರೂಮಿನವನು:
ನಾನು ಐಸಿಡಿ ಚೆಕ್ ಮಾಡುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಕ್ಕ ಹೇಳಿದ್ದು ಸರಿ. ಒಂದು ಶಾಕ್ ಬಂದು ಹುಡುಗ ಚೆನ್ನಾಗಿದ್ದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಎರಡು ಅಥವಾ ಜಾಸ್ತಿ ಬಂದರೆ, ಪ್ರಜ್ಞೆ ತಪ್ಪಿದರೆ, ಕಾಯಬೇಡಿ, ತಕ್ಷಣ ಕರೆದುಕೊಂಡು ಹೋಗಿ.

ಹಾಕಿ ಬಗ್ಗೆ: ಹಿಂದೆ ಐಸಿಡಿ ಅಂದರೆ ಆಟವೇ ಬೇಡ ಅನ್ನುತ್ತಿದ್ದರು. 2013ರಲ್ಲಿ ಐಸಿಡಿ ಇಟ್ಟುಕೊಂಡೇ ಆಡುವ 372 ಆಟಗಾರರ ಅಧ್ಯಯನ ಬಂತು. ಕೆಲವರಿಗೆ ಆಡುವಾಗ ಶಾಕ್ ಬಂದಿತ್ತು, ಆದರೆ ಆಟದಿಂದ ಯಾರೂ ಸಾಯಲಿಲ್ಲ. ಈಗ ವೈದ್ಯರು ಮಗುವಿನ ಕಾಯಿಲೆ ಯಾವ ಬಗೆಯದು ಅಂತ ನೋಡಿ, ಮನೆಯವರ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಪೆಟ್ಟಿಗೆ ಮೇಲೆ ಬಾಲ್ ಬೀಳುವುದು, ಕೈ ಜೋರಾಗಿ ಬೀಸಿ ಪೆಟ್ಟಿಗೆಯಿಂದ ಹೃದಯಕ್ಕೆ ಹೋಗುವ ವೈರ್ ಸವೆಯುವುದು, ಇವೆರಡರ ಬಗ್ಗೆಯೂ ವೈದ್ಯರನ್ನು ಕೇಳಿ. ಈಜಿದಾಗಲೇ ಬಂದಿದ್ದರಿಂದ ಕೆರೆ ಮಾತ್ರ ಬೇಡ.

ಇನ್ನೊಂದು ಮುಖ್ಯ. ಕೆಮ್ಮು, ವಾಂತಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರಬೇಡಿ. ಅಜಿಥ್ರೋಮೈಸಿನ್, ಒಂಡನ್‌ಸೆಟ್ರಾನ್ ಥರದವು ಲಾಂಗ್ ಕ್ಯೂಟಿ ಇದ್ದವರಿಗೆ ಅಪಾಯ. ಇಂಥ ಮಾತ್ರೆಗಳ ಪಟ್ಟಿ ಪರ್ಸಿನಲ್ಲಿರಲಿ. ಲಾಂಗ್ ಕ್ಯೂಟಿ ಹೆಚ್ಚಾಗಿ ವಂಶದಲ್ಲಿ ಬರುವುದು, ನಿಮ್ಮಿಬ್ಬರ, ಒಡಹುಟ್ಟಿದವರ ಇಸಿಜಿ ಆಗಿದೆಯಾ?

ಪೊನ್ನಂಪೇಟೆ ಕಡೆಯವಳು:
ನಮ್ಮಿಬ್ಬರದ್ದು ಆಗಿದೆ, ಚಿಕ್ಕವಳದ್ದು ಆಗಿಲ್ಲ. ಕಳೆದ ವರ್ಷ ಅವಳು ಅಸೆಂಬ್ಲಿಯಲ್ಲಿ ತಲೆಸುತ್ತಿ ಬಿದ್ದಿದ್ದಳು, ತಿಂಡಿ ತಿಂದಿಲ್ಲ ಅಂತ ಬಿಟ್ಟಿದ್ದೆವು. ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಅಕ್ಕ, ನಿಮ್ಮ ಮಗಳು ಒಪ್ಪಿದರೆ ಇವನ ಹತ್ತಿರ ಒಮ್ಮೆ ಫೋನಿನಲ್ಲಿ ಮಾತಾಡುತ್ತಾಳಾ?

ಮಡಿಕೇರಿ ಅಕ್ಕ:
ಕೇಳಿದೆ. ಭಾನುವಾರ ಸಂಜೆ ಮಾಡುತ್ತಾಳಂತೆ. ಸ್ಟಿಕ್ ಕೈಯಲ್ಲಿ ಹಿಡಿದುಕೊಂಡೇ ಮಾತಾಡಬೇಕಂತೆ, ಹೇಳಿ ಅವನಿಗೆ.