ಅಪ್ರವಾಸಿ ಘಾಟ್ ಯಾಕೆ ಬಿಟ್ಟಿರಿ?

ರಘು ಚಿಕ್ಕಪ್ಪ: 'ಮಾರಿಷಸ್‌ನಲ್ಲಿ ನೋಡಲೇಬೇಕಾದ ಹತ್ತು ಜಾಗಗಳು' (ಫಾರ್ವರ್ಡ್ ಮಾಡಿದ್ದು)
ಆಗಸ್ಟ್‌ಗೆ ಹೋಗೋದು ಖಾಯಂ ಅಲ್ವಾ? ಇದನ್ನೇ ಏಜೆಂಟರಿಗೆ ಕಳಿಸುತ್ತೇನೆ. ಯಾರದಾದರೂ ತಕರಾರಿದೆಯಾ?

ಸುಮಾ: ನನ್ನದಿದೆ ಚಿಕ್ಕಪ್ಪ. ಪಟ್ಟಿಯಲ್ಲಿ ಮೊದಲನೆಯದೇ 'ಸಮುದ್ರದೊಳಗಿನ ಜಲಪಾತ'. ಅಲ್ಲಿ ನೀರು ಬೀಳುವುದೇ ಇಲ್ಲ. ಲೆ ಮಾರ್ನ್ ಬೆಟ್ಟದ ಹತ್ತಿರ ಸಮುದ್ರದ ತಳದಲ್ಲಿ ಮರಳು, ಹೂಳು ಆಳಕ್ಕೆ ಜಾರುತ್ತದೆ. ಮೇಲಿನಿಂದ ನೋಡಿದವರಿಗೆ ಜಲಪಾತದ ಹಾಗೆ ಕಾಣುತ್ತದೆ. ದಡದಲ್ಲಿ ನಿಂತರೆ ಏನೂ ಕಾಣಲ್ಲ, ಹೆಲಿಕಾಪ್ಟರ್ ಹತ್ತಬೇಕು. ಇಷ್ಟೂ ಜನಕ್ಕೆ ಆ ಖರ್ಚು ಬೇಕಾ?

ರಘು ಚಿಕ್ಕಪ್ಪ: ಫೋಟೋ ಎಷ್ಟು ಚೆನ್ನಾಗಿದೆ ನೋಡಮ್ಮಾ.

ಸುಮಾ: ಫೋಟೋ ಚೆನ್ನಾಗಿದೆ. ಆದರೆ ಆ ಬೆಟ್ಟವನ್ನೇ ನೋಡೋಣ. 556 ಮೀಟರ್ ಎತ್ತರ. ತಪ್ಪಿಸಿಕೊಂಡ ಗುಲಾಮರು ಅಲ್ಲಿ ಅಡಗಿ ಬದುಕುತ್ತಿದ್ದರು. ಅದಕ್ಕೇ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಿಮ್ಮ ಫಾರ್ವರ್ಡ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಅಪ್ರವಾಸಿ ಘಾಟ್‌ನ ಹೆಸರು ಕೂಡ ಇಲ್ಲ. ನನಗೆ ಬೇಸರವಾಗಿದ್ದು ಅದಕ್ಕೇ.

ಗೀತತ್ತೆ: ಅದೇನೇ ಅದು?

ಸುಮಾ: ರಾಜಧಾನಿ ಪೋರ್ಟ್ ಲೂಯಿಯ ಬಂದರಿನಲ್ಲಿದೆ ಅತ್ತೆ. ಗುಲಾಮಗಿರಿ ನಿಲ್ಲುವ ಹೊತ್ತಿಗೆ ಕಬ್ಬಿನ ಗದ್ದೆಗಳಿಗೆ ಆಳು ಬೇಕಾದರು. ಬ್ರಿಟಿಷರು 1834ರಿಂದ ನಮ್ಮವರನ್ನು ಕರಾರಿನ ಮೇಲೆ ಹಡಗಿನಲ್ಲಿ ಸಾಗಿಸಿದರು. ಒಟ್ಟು ನಾಲ್ಕೂವರೆ ಲಕ್ಷದಷ್ಟು ಜನ. ಬಿಹಾರದ ಕಡೆಯವರೇ ಜಾಸ್ತಿ. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಹಡಗಿನಿಂದ ಇಳಿದು ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಆ ಘಾಟ್‌ನಲ್ಲಿ ಇವತ್ತಿಗೂ ಇವೆ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟು ತೋಟಗಳಿಗೆ ಕಳಿಸುತ್ತಿದ್ದರು. ಆಮೇಲಾಮೇಲೆ ಫೋಟೋ ಕೂಡ ತೆಗೆದರು. ಆ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ.

ಗೀತತ್ತೆ: ಪಾಪ. ಆದರೆ ಮಕ್ಕಳಿಗೆ ಬೇಜಾರಾಗುತ್ತೆ ಕಣೆ. ರಜೆಗೆ ಹೋಗೋದು ಖುಷಿಗೆ ಅಲ್ವಾ? ಪಟ್ಟಿಯಲ್ಲಿ ಗಂಗಾ ತಲಾವ್ ಕೆರೆ ಹೇಗೂ ಇದೆ.

ರಘು ಚಿಕ್ಕಪ್ಪ: ಅದನ್ನು ಬೇಕಾದರೆ ಬಿಡೋಣ. ಅಲ್ಲಿನ ಶಿವನ ವಿಗ್ರಹ 33 ಮೀಟರ್. ನಮ್ಮ ಮುರುಡೇಶ್ವರದ್ದೇ ಇನ್ನೂ ಎತ್ತರ.

ಸುಮಾ: ಎತ್ತರ ಅಳೆಯೋಕೆ ಹೋಗೋದಲ್ಲ ಚಿಕ್ಕಪ್ಪ. ಅದು ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ. ಆ ಕೂಲಿಗಳ ಮರಿಮಕ್ಕಳು ಶಿವರಾತ್ರಿಗೆ ಕಾವಡಿ ಹೊತ್ತು ಊರೂರಿಂದ ನಡೆದು ಬರುತ್ತಾರೆ. 1972ರಲ್ಲಿ ನಮ್ಮ ಗಂಗೆಯ ನೀರು ತರಿಸಿ ಅದಕ್ಕೆ ಬೆರೆಸಿದರು. ಘಾಟ್ ನೋಡಿ ಅಲ್ಲಿಗೆ ಹೋದರೆ ಮಕ್ಕಳಿಗೂ ಗೊತ್ತಾಗುತ್ತೆ, ಆ ಜನಕ್ಕೆ ಒಂದು ಗಂಗೆ ಯಾಕೆ ಬೇಕಿತ್ತು ಅಂತ.

ಅಜ್ಜ: ಪಾಂಪ್ಲೆಮೂಸ್ ತೋಟ ಬಿಡಬೇಡ್ರೋ. ಅಲ್ಲಿ ಶ್ರೀತಾಳೆ ಮರಗಳಿವೆ. ನಮ್ಮ ಹಿಂದಿನವರು ಗ್ರಂಥ ಬರೆದದ್ದು ಅದರ ಗರಿಯ ಮೇಲೆ. ಜನ್ಮಕ್ಕೆ ಒಂದೇ ಸಲ ಹೂ ಬಿಟ್ಟು ಮರ ಸಾಯುತ್ತೆ.

ರಘು ಚಿಕ್ಕಪ್ಪ: ಎಲ್ಲ ಸೇರಿಸಿದರೆ ದಿನ ಸಾಲಲ್ಲ ಅಪ್ಪಾ.

ಸುಮಾ: ಸಾಲುತ್ತೆ. ಇಡೀ ದೇಶ ಕೊಡಗಿನ ಅರ್ಧದಷ್ಟಿದೆ. ಈ ಪಟ್ಟಿ ಹಿಡಿದು ಸುಮ್ನೆ ಉತ್ತರ ದಕ್ಷಿಣ ಓಡಾಡಿದರೆ ಮಾತ್ರ ದಿನ ಹಾಳು. ಲೆ ಮಾರ್ನ್, ಶಾಮರೆಲ್‌ನ ಬಣ್ಣದ ಮಣ್ಣು, ಗಂಗಾ ತಲಾವ್ ಮೂರೂ ನೈಋತ್ಯಕ್ಕೇ ಇವೆ, ಒಂದು ದಿನ. ಘಾಟ್ ಮತ್ತು ಅಜ್ಜನ ತೋಟ ಇನ್ನೊಂದು ದಿನ. ಮಿಕ್ಕಿದ್ದೆಲ್ಲ ಸಮುದ್ರಕ್ಕೆ.

ಗೀತತ್ತೆ: ಇಲ್ ಒ ಸೆರ್ಫ್ ದ್ವೀಪಕ್ಕೆ ದೋಣಿ ಬೇಕೇ ಬೇಕು. ಅದಕ್ಕೆ ಕೈ ಹಾಕಬೇಡ.

ಸುಮಾ: ಆಗಸ್ಟ್ ಅಲ್ಲಿ ಚಳಿಗಾಲ ಅತ್ತೆ. ಆ ದ್ವೀಪ ಇರೋ ಪೂರ್ವದ ಕಡೆ ಗಾಳಿ ಜೋರು. ನೀರಾಟಕ್ಕೆ ಪಶ್ಚಿಮದ ದಡವೇ ವಾಸಿ.

ಗೀತತ್ತೆ: ಗಾಳಿ ಇದ್ದರೆ ಇರಲಿ. ನಿನ್ನ ಘಾಟ್‌ಗೆ ನಾನು ಬರ್ತೀನಿ, ನನ್ನ ದೋಣಿಗೆ ನೀನು ಬಾ.

ರಘು ಚಿಕ್ಕಪ್ಪ: ಹೆಲಿಕಾಪ್ಟರ್ ತೆಗೆದೆ, ಘಾಟ್ ಹಾಕಿದೆ. ಸುಮಾ, ಎರಡು ದಿನದ ದಾರಿ ಬರೆದು ಕಳಿಸು, ರಾತ್ರಿ ಏಜೆಂಟರ ಹತ್ತಿರ ಮಾತಾಡ್ತೀನಿ.