ಪದಚರ್ಚೆ: ಟ್ರ್ಯಾಕ್ಟರ್ ಟೈರಿನ ‘ಟ್ರ್ಯಾಕ್ಷನ್’ಗೆ ಏನನ್ನೋಣ? ತುರ್ತು

ಕೊಥ್ರೂಡ್, ಪುಣೆ:
ಬಳಗದವರಿಗೆ ನಮಸ್ಕಾರ. ಸಂಜೆ ಆರಕ್ಕೆ ಅಚ್ಚಿಗೆ ಹೋಗಬೇಕು, ಅದಕ್ಕೇ ಅವಸರ. ಇಲ್ಲಿನ ಟೈರು ವ್ಯಾಪಾರಿಯೊಬ್ಬರು ಬೆಳಗಾವಿ, ನಿಪ್ಪಾಣಿ ಕಡೆಯ ಗಿರಾಕಿಗಳಿಗೆಂದು ಕನ್ನಡದಲ್ಲಿ ಫಲಕ ಮಾಡಿಸುತ್ತಿದ್ದಾರೆ. ತೋಟದ ಸಣ್ಣ ಟ್ರ್ಯಾಕ್ಟರಿಗೆ ಯಾವ ಟೈರು ಅಂತ. ಟೈರಿನ ಹಲ್ಲಿನ ಮಾದರಿಗೆ ಸಂಕೇತಗಳಿವೆ: ಹುಲ್ಲುಹಾಸಿಗೆ ಆರ್-3, ಉತ್ತ ಮಣ್ಣಿಗೆ ಓರೆ ಹಲ್ಲಿನ ಆರ್-1, ಗಟ್ಟಿ ನೆಲವೂ ಮಣ್ಣೂ ಎರಡೂ ಇದ್ದರೆ ಆರ್-4. ಇಲ್ಲಿಯವರೆಗೆ ಸಲೀಸು. ಸಿಕ್ಕಿಬಿದ್ದದ್ದು ತಲೆಬರಹದ ‘ಟ್ರ್ಯಾಕ್ಷನ್’ನಲ್ಲಿ, ಅಂದರೆ ಗಾಲಿ ಜಾರದೆ ನೆಲ ಹಿಡಿದು ಗಾಡಿಯನ್ನು ಮುಂದೆ ಒಯ್ಯುವ ಗುಣ. ಎಳೆತ ಎಂದರೆ ಇಂಜಿನ್ನಿನ ಶಕ್ತಿ ಅನಿಸುತ್ತದೆ. ಹಿಡಿತ ಎಂದರೆ ಸ್ಟೇರಿಂಗ್ ನೆನಪಾಗುತ್ತದೆ. ಘರ್ಷಣೆ ಹಾಕಿದರೆ ಎರಡು ಊರಿನವರು ಹೊಡೆದಾಡಿದ ಸುದ್ದಿ. ಒಂದೇ ಪದ ಬೇಕು.

ಮಾಟುಂಗಾ:
ಕರ್ಷಣ. ಲ್ಯಾಟಿನ್ನಿನ ಟ್ರಾಹೆರೆ ಎಂದರೆ ಎಳೆ. ಟ್ರ್ಯಾಕ್ಟರ್, ಟ್ರ್ಯಾಕ್ಷನ್ ಎರಡೂ ಅದರ ಮಕ್ಕಳು. ನಮ್ಮ ಕೃಷ್ ಧಾತುವಿಗೂ ಎಳೆ, ಉಳು ಎಂದೇ ಅರ್ಥ; ಆಕರ್ಷಣೆ, ಕೃಷಿ ಒಂದೇ ಮನೆಯವು. ಹೊಲದ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಪದ ಇಲ್ಲ. ಚರ್ಚೆ ಮುಗಿಯಿತು.

ವಾಸ್ಕೊ:
ಕರ್ಷಣ ಓದಿದ ರೈತ ಫಲಕಕ್ಕೆ ಕೈಮುಗಿದು ಮುಂದೆ ಹೋಗುತ್ತಾನೆ. ಕನ್ನಡದಲ್ಲೇ ಕಟ್ಟೋಣ: ನೆಲಗಚ್ಚು. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ನೆಲ, ಕಚ್ಚು ಸೇರಿ. ‘ಟೈರು’ ಎಂಬ ಪದವೂ ಬೇಡ. ಎತ್ತಿನ ಗಾಡಿಯ ಗಾಲಿಗೆ ಕಮ್ಮಾರ ಕಾಯಿಸಿ ಹಾಕುತ್ತಿದ್ದ ಕಬ್ಬಿಣದ ಪಟ್ಟಿಗೆ ಹಳಿ ಅನ್ನುತ್ತಿದ್ದೆವು. ರಬ್ಬರಿನದಾದ ಮಾತ್ರಕ್ಕೆ ಹೆಸರು ಕೆಡಬೇಕೆ?

ಡೊಂಬಿವಲಿ:
ಈರುಳ್ಳಿ ಬೆಲೆ ನೆಲಕಚ್ಚಿತು. ಗಾಳಿಗೆ ಬಾಳೆ ನೆಲಕಚ್ಚಿತು. ಈಗ ಟ್ರ್ಯಾಕ್ಟರೂ ನೆಲಕಚ್ಚಲಿ, ಹಳಿಯೂ ತಪ್ಪಲಿ.

ವಾಸ್ಕೊ:
ನಾನು ಬರೆದದ್ದು ಗ. ಕ ಅಲ್ಲ. ಓದಿ ಬರೆಯಿರಿ.

ಡೊಂಬಿವಲಿ:
ಗಾಲಿ ಹೂತ ಮೇಲೆ ಗ ಯಾವುದು, ಕ ಯಾವುದು!

ಹಡಪ್ಸರ್, ಪುಣೆ:
ಅಕ್ಕಾರ, ಇವರ ಜಗಳ ಮುಗಿಯಾಂಗಿಲ್ಲ, ನಿಮ್ಮ ಆರು ಗಂಟಿ ಆಗತದ. ನಮ್ಮ ತ್ವಾಟದಾಗೂ ಒಂದು ಸಣ್ಣ ಗಾಡಿ ಅದ. ಮೊದಲ ಆರ್-3 ಟೈರ್ ಇದ್ದವು. ಹೋದ ಆಷಾಢದಾಗ ಎರಿ ಮಣ್ಣಾಗ ಇಳಿಸಿದ್ವಿ. ಗಾಲಿ ನಿಂತಲ್ಲೇ ಗಿರಗಿರ ತಿರಗತದ, ಗಾಡಿ ಒಂದ್ ಗೇಣ ಸರಿಯವಲ್ದು. ಮಣ್ಣು ಸಂದ್ಯಾಗ ತುಂಬಿ ಟೈರ್ ಬೋಳ ತಲಿ ಆಗಿತ್ತು. ಆಮ್ಯಾಲೆ ಆರ್-1 ಹಾಕಿಸಿದ್ವಿ. ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಿ ಭಾರ ಕೊಟ್ವಿ, ಗಾಳಿ ಸ್ವಲ್ಪ ಕಮ್ಮಿ ಇಟ್ವಿ. ನೆಲಾ ಅಗಲಾಗಿ ತುಳಿತದ. ಒಂದು ಮಾತು ಫಲಕದಾಗ ಹಾಕೇ ಹಾಕ್ರಿ: ಓರೆ ಹಲ್ಲು ನಡುವ ಬಾಣದಂಗ ಕೂಡತಾವಲ್ಲ, ಆ ಚೂಪು ಮೊದಲ ನೆಲಾ ಮುಟ್ಟೂ ಹಂಗ ಕೂಡಸಬೇಕು, ತಿರುವಿ ಹಾಕಿದ್ರ ಮಣ್ಣು ಉಗುಳಂಗಿಲ್ಲ. ಮತ್ತ ಹುಲ್ಲಿನ ಮ್ಯಾಲೆ ಆರ್-1 ಒಯ್ಯಬ್ಯಾಡ್ರಿ, ಹಾಸು ಕಿತ್ತು ಬರತದ. ಪದಾ ಅಂದ್ರಿ. ನಮ್ಮ ಡ್ರೈವರ ‘ಈಗ ಜಾರಂಗಿಲ್ರೀ, ಕಚ್ಚಿ ಎಳಿತದ’ ಅಂದ. ನಾಮಪದ ಯಾರಿಗೆ ಬೇಕಾಗ್ಯದ?

ಮಾಟುಂಗಾ:
ಡ್ರೈವರನ ಮಾತು ಪಾರಿಭಾಷಿಕ ಪದವಾಗದು.

ಹಡಪ್ಸರ್, ಪುಣೆ:
ಹಂಗಾರ ಡ್ರೈವರ್ ಅನ್ನಬ್ಯಾಡ್ರಿ, ಸಾರಥಿ ಅನ್ರಿ.

ಠಾಣೆ:
ಮರಾಠಿಯವರು ಪಕಡ ಅಂದುಬಿಡುತ್ತಾರೆ, ಕೆಲಸ ಮುಗಿಯಿತು. ನಾವೂ ತರಬಾರದೇಕೆ? ಹುಷಾರು ಮಾತ್ರ: ಗ್ಯಾರೇಜಿನಲ್ಲಿ ಒಂದು ಕ ಒತ್ತಿ ಪಕ್ಕಡ ಅಂದರೆ ಇಕ್ಕಳ ಕೈಗಿಡುತ್ತಾರೆ.

ವಾಸ್ಕೊ:
ತಂದದ್ದು ಸಾಲದೆ? ಖಿಡಕಿ ತಂದು ಕಿಟಕಿ ಮಾಡಿಕೊಂಡಿರಿ.

ಠಾಣೆ:
ಅವರೂ ತುಪ್ಪ ಒಯ್ದು ತೂಪ ಮಾಡಿಕೊಂಡರು. ರುಚಿ ಕೆಟ್ಟಿತೇ?

ಕೊಥ್ರೂಡ್, ಪುಣೆ:
ಐದೂ ಮುಕ್ಕಾಲಿಗೆ ಕಳಿಸಿದೆ. ‘ಜಾರದೆ ಎಳೆಯಬೇಕೆ? ನೆಲ ನೋಡಿ ಟೈರು ಆರಿಸಿ.’ ಕೆಳಗೆ ಹಲ್ಲಿನ ಚೂಪಿನ ಮಾತೂ ಇದೆ. ವ್ಯಾಪಾರಿ ಓದಿಸಿಕೊಂಡು ಕೇಳಿ, ‘ಸುಮ್ಮನೆ ಗ್ರಿಪ್ ಅಂತ ಬರೆಯಬಹುದಿತ್ತಲ್ಲ ತಾಯಿ’ ಅಂದರು.

ಮಾಟುಂಗಾ:
ಉಳು ಎಂದಾಗ ನೆನಪಾಯಿತು. ಸಂಸ್ಕೃತದ ಲಾಂಗಲ ನಮ್ಮ ನೇಗಿಲಿನ ಕಡೆಯಿಂದಲೇ ಹೋದದ್ದೆಂದು ಹಠ ಹಿಡಿಯುವವರಿದ್ದಾರೆ. ವಿವರ ನಾಳೆ ಬರೆಯುತ್ತೇನೆ.

ವಾಸ್ಕೊ:
ಹಠ ಏನು ಬಂತು? ಹೋಗಿಯೇ ಇದೆ.